ನಮ್ಮೂರ ಶಾಲೆಯನ್ನು ಕರ್ನಾಟಕ ಪಬ್ಲಿಕ್ ಸ್ಕೂಲ್, ಅಂದರೆ ಕೆಪಿಎಸ್‌ಗೆ ಸೇರಿಸ್ತಾರಂತೆ. ಶನಿವಾರ ಎಸ್‌ಡಿಎಂಸಿ ಸಭೆ, ಏನು ಕೇಳಬೇಕು?

ಹೊಲಿಗೆಮಿಷನ್, ಕೊಪ್ಪ ತಾಲೂಕು

ಎಲ್ಲರಿಗೂ ನಮಸ್ಕಾರ. ಕೊಪ್ಪ ಪೇಟೆಯಿಂದ ಒಳಗೆ ಒಂದು ಹಳ್ಳಿ ನಮ್ಮದು. ಹೆಸರು ಹೇಳುವುದಿಲ್ಲ. ಹೇಳಿದರೆ ಸಂಜೆಯೊಳಗೆ ನಮ್ಮ ಅತ್ತೆಗೆ ಸುದ್ದಿ ಮುಟ್ಟುತ್ತದೆ.

ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂರನೇ ಕ್ಲಾಸು. ಈ ಸಲ ನನ್ನನ್ನು ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ ಎಸ್‌ಡಿಎಂಸಿಗೆ ಹಾಕಿದ್ದಾರೆ. ಅರ್ಧ ಜನ ಹೆಂಗಸರಿರಬೇಕು ಅಂತ ಕಾನೂನಿದೆಯಲ್ಲ, ಶಾಲೆಗೆ ಹತ್ತಿರದ ಮನೆ ನಮ್ಮದು, ಕರೆದರೆ ಬರುತ್ತಾಳೆ ಅಂತ ಹಾಕಿದರು. ಇಷ್ಟು ದಿನ ಸಭೆ ಅಂದರೆ ಟೀ ಕುಡಿದು ಸಹಿ ಹಾಕಿ ಬರುವುದೇ ಆಗಿತ್ತು.

ಒಂದರಿಂದ ಐದರವರೆಗೆ ಸೇರಿ 19 ಮಕ್ಕಳಿದ್ದಾರೆ. ಲೆಕ್ಕಕ್ಕೆ ಇಬ್ಬರು ಟೀಚರ್. ಅದರಲ್ಲಿ ಒಬ್ಬರು ಸದಾ ಯಾವುದೋ ಡ್ಯೂಟಿ. 2025ರಲ್ಲಿ ದಸರಾ ರಜೆಯೇ ಜಾತಿ ಸಮೀಕ್ಷೆ ಅಂತ ಅಕ್ಟೋಬರ್ 18ರವರೆಗೆ ಎಳೆಯಿತು, ನಿಮಗೆಲ್ಲ ಗೊತ್ತೇ ಇದೆ.

ಮೊನ್ನೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದು ಹೇಳಿದರು, ಹೋಬಳಿ ಪೇಟೆಯ ಶಾಲೆ ಕೆಪಿಎಸ್ ಆಗುತ್ತದೆ, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ, ಇಂಗ್ಲಿಷ್ ಮೀಡಿಯಂ ಇದೆ, ಕಂಪ್ಯೂಟರ್ ಇದೆ, ನಿಮ್ಮ ಮಕ್ಕಳೂ ಅಲ್ಲಿಗೆ ಬರಲಿ, ಎಸ್‌ಡಿಎಂಸಿಯಿಂದ ಒಂದು ಒಪ್ಪಿಗೆ ಪತ್ರ ಕೊಡಿ ಅಂತ. ಶನಿವಾರ ಸಭೆ. ಬಸ್‌ಸ್ಟ್ಯಾಂಡ್ ಹತ್ತಿರ ವಿದ್ಯಾರ್ಥಿ ಸಂಘಟನೆ ಎಐಡಿಎಸ್‌ಒ ಹುಡುಗರು ಸಹಿ ಸಂಗ್ರಹ ಮಾಡ್ತಿದ್ದರು, ಸರ್ಕಾರಿ ಶಾಲೆ ಮುಚ್ಚುತ್ತಾರೆ ಅಂತ. ಸಚಿವ ಮಧು ಬಂಗಾರಪ್ಪನವರು ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಅಂತಾರೆ. ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಎರಡು ಪಕ್ಷ ಆಗಿ, ಅಡಿಕೆ ರೇಟು ಕೇಳುವವರಿಗೂ ಜಾಗ ಇಲ್ಲ.

ನನ್ನ ತಲೆಬಿಸಿ ಬೇರೆ. ಕೆಪಿಎಸ್ ರಸ್ತೆಯಲ್ಲಿ ಹೋದರೆ ನಾಲ್ಕು ಕಿಲೋಮೀಟರ್. ಗದ್ದೆ ದಾಟಿ ಹಳ್ಳಕ್ಕೆ ಹಾಕಿದ ಕಾಲುಸಂಕದ ಮೇಲೆ ಹೋದರೆ ಎರಡು. ಮಕ್ಕಳು ಯಾವುದರಲ್ಲಿ ಹೋಗುತ್ತವೆ ಅಂತ ನಾನು ಹೇಳಬೇಕಾ? ಜೂನ್‌ನಿಂದ ಆಗಸ್ಟ್‌ವರೆಗೆ ಆ ಹಳ್ಳ ನೋಡಿದವರಿಗೆ ಗೊತ್ತು. ಸರ್ಕಾರಿ ಬಸ್ ನಮ್ಮ ಕಡೆ ಇಲ್ಲ. ಖಾಸಗಿ ಬಸ್ಸು ಬೆಳಿಗ್ಗೆ ಒಂದು, ಅದೂ ನಿಂತರೆ ನಿಂತಿತು. ಶಕ್ತಿ ಯೋಜನೆ ಅಂತ ಊರೆಲ್ಲ ಹೇಳ್ತಾರೆ, ಖಾಸಗಿ ಬಸ್ಸಿಗೆ ಅದು ಇಲ್ಲವಲ್ಲ. ಮೊದಲಾದರೆ ಸಹಕಾರ ಸಾರಿಗೆ ಇತ್ತು, ಕೆಲಸಗಾರರೇ ಸೇರಿ ನಡೆಸುತ್ತಿದ್ದ ಬಸ್ಸುಗಳು, ಓದುವ ಮಕ್ಕಳಿಗೆ ರಿಯಾಯಿತಿ ಪಾಸ್ ಕೊಡುತ್ತಿದ್ದರು. ಅದೂ 2020ರಲ್ಲಿ ನಿಂತುಹೋಯಿತು.

ಇನ್ನೊಂದು. ಹತ್ತೊಂಬತ್ತರಲ್ಲಿ ಏಳು ಮಕ್ಕಳು ತೋಟದ ಕೂಲಿಯವರ ಲೈನ್ ಮನೆಯವು. ಮೂರು ಮಕ್ಕಳ ಅಪ್ಪ ಅಮ್ಮ ಅಸ್ಸಾಂನಿಂದ ಬಂದವರು. ಅವರು ಯಾವ ಸಭೆಗೂ ಬಂದಿಲ್ಲ. ಕರೆದಿದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ.

ನಾನು ಓದಿದ್ದು ಪಿಯುಸಿ. ಸಭೆಯಲ್ಲಿ ಏನು ಕೇಳಬೇಕು, ಏನು ಬರೆಸಬೇಕು? ಒಪ್ಪಿಗೆ ಕೊಡಬೇಕಾ ಬೇಡವಾ ಅನ್ನುವುದಕ್ಕಿಂತ, ಅದು ಮೊದಲು ಗೊತ್ತಾಗಬೇಕು.

ನಿವೃತ್ತಮೇಷ್ಟ್ರು, ಶೃಂಗೇರಿ ಕಡೆ

ತಂಗೀ, ಶನಿವಾರ ಹಾಜರಿಗೆ ಸಹಿ ಹಾಕುವ ಮೊದಲು ಆ ಪುಟದಲ್ಲಿ ಮೇಲೆ ಏನು ಬರೆದಿದೆ ನೋಡಿ. ಮೇಲೆ ಖಾಲಿ ಬಿಟ್ಟು ಕೆಳಗೆ ಸಹಿ ತೆಗೆದುಕೊಂಡು, ಆಮೇಲೆ ಆರಾಮಾಗಿ ಠರಾವು ತುಂಬಿಸಿದ್ದನ್ನು ನನ್ನ ಸರ್ವಿಸ್‌ನಲ್ಲಿ ನೋಡಿದ್ದೇನೆ. ಯಾವ ಊರು ಅಂತ ಕೇಳಬೇಡಿ. ಸಭೆ ಮುಗಿದ ಮೇಲೆ ನಡಾವಳಿ ಓದಿಸಿ, ಕೊನೆಯ ಸಾಲಿನ ಕೆಳಗೆ ಗೆರೆ ಎಳೆಸಿ, ಆಮೇಲೆ ಸಹಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಾರೂ ಬೇಡ ಅನ್ನುವಂತಿಲ್ಲ, ಆ ಪುಸ್ತಕ ಪೋಷಕರಿಗೆ ತೋರಿಸಲೇಬೇಕಾದದ್ದು.

ಟೀ ಕುಡಿದು ಬರುವ ಕಮಿಟಿ ಅಲ್ಲ ಅದು. 2001ರವರೆಗೆ ಬೆಟರ್‌ಮೆಂಟ್ ಕಮಿಟಿ ಅಂತ ಇತ್ತು, ಊರಿನ ದೊಡ್ಡವರು ಕೂರುತ್ತಿದ್ದರು, ಅವರ ಮಕ್ಕಳು ಆ ಶಾಲೆಯಲ್ಲೇ ಇರುತ್ತಿರಲಿಲ್ಲ. ಎಸ್‌ಡಿಎಂಸಿ ಬಂದ ಮೇಲೆ ಓದುವ ಮಕ್ಕಳ ಅಪ್ಪ ಅಮ್ಮನೇ ಕೂರಬೇಕು ಅಂತಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನೇ ಗಟ್ಟಿ ಮಾಡಿತು. ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧ ಹೆಂಗಸರು, ಜೊತೆಗೆ ಹಿಂದುಳಿದ ಮತ್ತು ಬಡ ಮನೆಯ ಮಕ್ಕಳ ಪೋಷಕರಿಗೂ ಅವರ ಸಂಖ್ಯೆಗೆ ತಕ್ಕ ಜಾಗ. ನಿಮ್ಮ ಲೈನ್ ಮನೆಯ ಏಳು ಮಕ್ಕಳ ಕಡೆಯಿಂದ ಕಮಿಟಿಯಲ್ಲಿ ಯಾರಿದ್ದಾರೆ? ಯಾರೂ ಇಲ್ಲ ಅಂದರೆ ಮೊದಲ ಪ್ರಶ್ನೆ ಅದೇ ಆಗಲಿ.

ದೂರದ ವಿಷಯ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್. ಇಲ್ಲದಿದ್ದರೆ ಹೋಗಿಬರುವ ವ್ಯವಸ್ಥೆ ಸರ್ಕಾರದ್ದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 6,000 ರೂಪಾಯಿ ಸಾರಿಗೆ ಭತ್ಯೆಗೆ ಅವಕಾಶ ಇದೆ. ತಿಂಗಳಿಗೆ 600 ಅಂತ ಇಟ್ಟುಕೊಳ್ಳಿ, ಹತ್ತು ತಿಂಗಳು. ನಿಮ್ಮ ಕಡೆ ಜೀಪಿಗೆ ಎಷ್ಟು ಕೊಡಬೇಕು ಅಂತ ನಿಮಗೇ ಗೊತ್ತು. ಹಾಗಾಗಿ ಭತ್ಯೆ ಕೊಡುತ್ತೇವೆ ಅಂದ ತಕ್ಷಣ ಒಪ್ಪಬೇಡಿ. ವಾಹನ ಯಾರು ತರುತ್ತಾರೆ, ಯಾವ ತಿಂಗಳಿಂದ, ಹಣ ತಡವಾದರೆ ಡೀಸೆಲ್‌ಗೆ ಯಾರು ಕೊಡುತ್ತಾರೆ, ಇಷ್ಟು ಬರವಣಿಗೆಯಲ್ಲಿ ಬರಲಿ.

ಇನ್ನು ನಿಮಗೆ ಹಿಡಿಸದ ಮಾತು. ಸಣ್ಣ ಶಾಲೆ ಉಳಿಯಲಿ ಅಂತ ಭಾಷಣ ಮಾಡುವವರು ಅಂಥ ಶಾಲೆಯಲ್ಲಿ ಒಂದು ವಾರ ಪಾಠ ಮಾಡಿ ನೋಡಲಿ. ನಾನು ಏಕೋಪಾಧ್ಯಾಯ ಶಾಲೆಯಲ್ಲಿ ಇದ್ದವನು. ಹದಿಮೂರು ಮಕ್ಕಳು, ಐದು ಕ್ಲಾಸು. ನಲಿಕಲಿ ಇದ್ದದ್ದಕ್ಕೆ ಬದುಕಿದೆ. ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು 1995ರ ಹೊತ್ತಿಗೆ ಶುರು ಮಾಡಿದ ಪದ್ಧತಿ ಅದು, ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಕಾರ್ಡ್ ಹಿಡಿದು ಅವರವರ ವೇಗದಲ್ಲಿ ಕಲಿಯುವುದು. ಚಿಕ್ಕ ಮಕ್ಕಳಿಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಆದರೆ ನಾಲ್ಕು, ಐದನೇ ಕ್ಲಾಸಿಗೆ ಬಂದರೆ ಕಷ್ಟ. ಕಬಡ್ಡಿಗೆ ತಂಡ ಆಗುವುದಿಲ್ಲ. ಪ್ರತಿಭಾ ಕಾರಂಜಿಗೆ ಹೋದರೆ ಅದೇ ಹುಡುಗಿ ಹಾಡು, ಅದೇ ಹುಡುಗಿ ಕ್ಲೇ ಮಾಡೆಲಿಂಗ್, ಅದೇ ಹುಡುಗಿ ಛದ್ಮವೇಷ. ನಾನು ಮೀಟಿಂಗಿಗೆ ಹೋದ ದಿನ ಅಡುಗೆಯವರೇ ಹೆಡ್‌ಮೇಷ್ಟ್ರು.

ದುಡ್ಡಿನ ಲೆಕ್ಕವೂ ಹಾಗೇ. ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ಬರುತ್ತದೆ. 30ರವರೆಗೆ ವರ್ಷಕ್ಕೆ 10,000, 31ರಿಂದ 100ಕ್ಕೆ 25,000. ಹತ್ತು ಸಾವಿರದಲ್ಲಿ ಸೀಮೆಸುಣ್ಣದಿಂದ ಹಿಡಿದು ಹೆಂಚು ಸರಿಮಾಡಿಸುವವರೆಗೆ ಎಲ್ಲ. ಮಲೆನಾಡಿನಲ್ಲಿ ಹೆಂಚು ಒಂದು ಮಂಗನ ಗುಂಪಿಗೆ ಸಾಕಾಗುವುದಿಲ್ಲ.

ಹಾಗಾಗಿ ಪೂರ್ತಿ ಹೋಗಲಿ, ಪೂರ್ತಿ ಉಳಿಯಲಿ ಅಂತ ಹಟ ಹಿಡಿಯಬೇಡಿ. 1ರಿಂದ 3 ಊರಲ್ಲೇ ಇರಲಿ, 4 ಮತ್ತು 5 ವಾಹನ ಬಂದ ಮೇಲೆ ಹೋಗಲಿ ಅಂತ ಕೇಳಿ ನೋಡಿ.

ಜೀಪ್‌ರಾಜಣ್ಣ, ಹೊಸನಗರ

ಮೇಷ್ಟ್ರು ಹೇಳಿದ್ದು ಸರಿ. ನಮ್ಮಲ್ಲಿ ಆಗಿದ್ದು ಹೇಳ್ತೇನೆ, ಶಾಲೆ ಹೆಸರು ಬೇಡ.

ನಮ್ಮೂರ ಶಾಲೆಯ ಮಕ್ಕಳನ್ನು ಪಕ್ಕದ ದೊಡ್ಡ ಶಾಲೆಗೆ ಸೇರಿಸಿದರು. ಮೊದಲ ವರ್ಷ ನನ್ನದೇ ಜೀಪು. ಊರಿನವರು ಸ್ವಲ್ಪ, ದಾನಿಗಳು ಸ್ವಲ್ಪ ಹಾಕಿ ಬಾಡಿಗೆ ಕೊಟ್ಟರು. ಉದ್ಘಾಟನೆಗೆ ರಿಬ್ಬನ್ ಕಟ್ಟಿ ಫೋಟೊ ತೆಗೆದು ಪೇಪರಿಗೂ ಹಾಕಿಸಿದರು. ಎರಡನೇ ವರ್ಷ ಮಳೆಗಾಲದ ಹೊತ್ತಿಗೆ ಮೂರು ತಿಂಗಳ ಬಾಕಿ ನಿಂತಿತು. ನನಗೂ ಸಾಲ ಇದೆ, ಎಷ್ಟು ದಿನ ಅಂತ ಓಡಿಸಲಿ?

ಜೀಪು ನಿಂತ ಮೇಲೆ ಯಾರ ಮಕ್ಕಳು ಶಾಲೆಗೆ ಹೋದವು, ಯಾರವು ಹೋಗಲಿಲ್ಲ ಅಂತ ನೋಡಿ. ತೋಟ ಇದ್ದವರು ಬೈಕಿನಲ್ಲಿ ಬಿಟ್ಟು ಬಂದರು. ಇಬ್ಬರು ಆ ವರ್ಷವೇ ಹಳದಿ ವ್ಯಾನಿನ ಕಾನ್ವೆಂಟಿಗೆ ಸೇರಿಸಿದರು. ಕೂಲಿಯವರ ಮಕ್ಕಳು ಮನೆಯಲ್ಲಿ ಉಳಿದವು. ಅಪ್ಪ ಅಮ್ಮ ಏಳು ಗಂಟೆಗೆ ಕೆಲಸಕ್ಕೆ ಹೋಗಬೇಕು, ಒಂಬತ್ತಕ್ಕೆ ಮಗುವನ್ನು ಬಿಡಲು ಯಾರಿದ್ದಾರೆ? ದೊಡ್ಡ ಹುಡುಗಿ ಸಣ್ಣದನ್ನು ನೋಡಿಕೊಂಡು ಮನೆಯಲ್ಲಿ. ಅಡಿಕೆ ಕೊನೆ ಕೊಯ್ಲು ಶುರುವಾದ ಮೇಲೆ ಅವಳೂ ಅಡಿಕೆ ಹೆಕ್ಕಲು. ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರು ಇತ್ತು.

ಅಕ್ಕ, ನೀವು ಅಸ್ಸಾಂನವರ ವಿಷಯ ಬರೆದದ್ದು ನೋಡಿ ಇದನ್ನೆಲ್ಲ ಬರೆದೆ. ಶಾಲೆ ಸೇರಿಸಿದರೆ ನಿಮ್ಮ ಮಗಳು ಹೇಗಾದರೂ ಹೋಗುತ್ತಾಳೆ. ನೀವು ಕೇಳಬೇಕಾದದ್ದು ಆ ಏಳು ಮಕ್ಕಳದ್ದು.

ಕಾಲುಸಂಕದ ಬಗ್ಗೆ ಒಂದೇ ಮಾತು. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಬರುತ್ತಿದ್ದ ಎರಡನೇ ಕ್ಲಾಸಿನ ಮಗು ಕಾಲುಸಂಕದಿಂದ ಬಿದ್ದು ನೀರುಪಾಲಾದದ್ದು ಎಲ್ಲರಿಗೂ ನೆನಪಿದೆ. ಸಭೆಯಲ್ಲಿ ಯಾರಾದರೂ ಎರಡೇ ಕಿಲೋಮೀಟರ್ ಅಂದರೆ, ಹಾಗಾದರೆ ಜುಲೈನಲ್ಲಿ ಬನ್ನಿ ಸಾರ್, ಒಟ್ಟಿಗೆ ನಡೆದು ಹೋಗೋಣ ಅನ್ನಿ.

ಪೀಣ್ಯದಲ್ಲಿಕೊಪ್ಪ, ಬೆಂಗಳೂರು

ಓದಿ ಬೇಜಾರಾಯಿತು. ನಾನೂ ನಿಮ್ಮ ತಾಲೂಕಿನವನೇ. ಸರ್ಕಾರಿ ಶಾಲೆಯಲ್ಲೇ ಓದಿದ್ದು. ನಾವು ಹಳೆ ವಿದ್ಯಾರ್ಥಿಗಳ ಒಂದು ಗುಂಪು ಇದೆ, ಹತ್ತು ಹದಿನೈದು ಜನ. ನಿಮ್ಮ ಶಾಲೆಗೆ ಪೇಂಟ್ ಮಾಡಿಸಿ, ಗೋಡೆಗೆ ರೈಲಿನ ಚಿತ್ರ ಬರೆಸಿ, ಒಂದು ಸ್ಮಾರ್ಟ್ ಟಿವಿ ಕೊಡಬಹುದು. ಶಾಲೆ ಚೆಂದ ಕಂಡರೆ ಮಕ್ಕಳು ತಾವಾಗಿ ಬರುತ್ತಾರೆ. ಯಾವ ಕಾರಣಕ್ಕೂ ಮುಚ್ಚಲು ಬಿಡಬೇಡಿ. ಕನ್ನಡ ಶಾಲೆ ಉಳಿಯಬೇಕು.

ಹೊಲಿಗೆಮಿಷನ್

ಪೀಣ್ಯದ ಅಣ್ಣ, ಮನಸ್ಸು ಒಳ್ಳೆಯದು, ಬೇಸರ ಮಾಡಿಕೊಳ್ಳಬೇಡಿ. ರೈಲಿನ ಚಿತ್ರ ಈಗಾಗಲೇ ಇದೆ. ಎರಡು ಮಳೆಗಾಲಕ್ಕೆ ಇಂಜಿನ್ ಪಾಚಿಗಟ್ಟಿದೆ. ಟಿವಿಯೂ ಇದೆ, ಕರೆಂಟು ಇರುವ ದಿನ ನಡೆಯುತ್ತದೆ. ನಮ್ಮೂರಲ್ಲಿ ಮಕ್ಕಳೇ ಕಡಿಮೆ. ಓದಿದವರೆಲ್ಲ ನಿಮ್ಮ ಹಾಗೆ ಬೆಂಗಳೂರಿಗೆ ಹೋದರೆ ಇಲ್ಲಿ ಒಂದನೇ ಕ್ಲಾಸಿಗೆ ಯಾರು ಸೇರಬೇಕು? ಉಳಿದ ಮನೆಗಳಲ್ಲಿ ಒಂದೊಂದು ಮಗು. ಅದಕ್ಕೂ ಮೂರೂವರೆ ವರ್ಷಕ್ಕೆ ಕಾನ್ವೆಂಟಿನ ವ್ಯಾನು ಬಾಗಿಲಿಗೆ ಬರುತ್ತದೆ, ಎಲ್‌ಕೆಜಿಗೆ. ನಮ್ಮ ಶಾಲೆ ಶುರುವಾಗುವುದೇ ಆರು ವರ್ಷಕ್ಕೆ. ಒಮ್ಮೆ ವ್ಯಾನು ಹತ್ತಿದ ಮಗು ಮತ್ತೆ ಇಳಿದು ನಮ್ಮ ಶಾಲೆಗೆ ಬಂದದ್ದನ್ನು ನಾನು ನೋಡಿಲ್ಲ.

ನಿಮ್ಮ ಗುಂಪಿಗೆ ಕೊಡಲೇಬೇಕು ಅನಿಸಿದರೆ, ಒಂದು ವರ್ಷದ ಡೀಸೆಲ್ ಲೆಕ್ಕ ಹಾಕಿ ಹೇಳಿ. ಫೋಟೊ ಚೆನ್ನಾಗಿ ಬರುವುದಿಲ್ಲ, ಆದರೆ ಕೆಲಸಕ್ಕೆ ಬರುತ್ತದೆ.

ರಾಜಣ್ಣ, ನೀವು ಬರೆದದ್ದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ನಾಳೆ ಸಂಜೆ ಲೈನ್ ಮನೆಗೆ ಹೋಗಿ ಬರುತ್ತೇವೆ. ನನ್ನ ಹಿಂದಿ ಅಷ್ಟಕ್ಕಷ್ಟೇ. ಮಗಳನ್ನು ಕರೆದುಕೊಂಡು ಹೋಗ್ತೇನೆ, ಆ ಮಕ್ಕಳ ಜೊತೆ ಅವಳದ್ದೇ ಒಂದು ಭಾಷೆ ಇದೆ. ಆ ಮಕ್ಕಳೇ ಕನ್ನಡ ಚೆನ್ನಾಗಿ ಮಾತಾಡುತ್ತವೆ ಅನ್ನಿ, ಅಪ್ಪನಿಗೆ ಅಂಗಡಿಯಲ್ಲಿ ಅವೇ ದುಬಾಷಿ.

ಕೆಪಿಎಸ್‌ಟೀಚರ್

ಇನ್ನೊಂದು ಕಡೆಯವಳು ನಾನು, ಕೆಪಿಎಸ್ ಒಂದರಲ್ಲಿ ಪ್ರಾಥಮಿಕ ವಿಭಾಗದ ಟೀಚರ್. ಎಲ್ಲರೂ ನಮ್ಮನ್ನು ಶಾಲೆ ನುಂಗುವವರು ಅಂತ ನೋಡುವುದು ಬೇಸರ. ನಮ್ಮಲ್ಲಿ ಕ್ಲಾಸಿಗೊಬ್ಬರು ಟೀಚರ್ ಇದ್ದಾರೆ, ಲೈಬ್ರರಿ ಇದೆ, ಹೈಸ್ಕೂಲಿನ ವಿಜ್ಞಾನದ ಸರ್ ಬಂದು ಏಳನೇ ಕ್ಲಾಸಿಗೆ ಪ್ರಯೋಗ ತೋರಿಸುತ್ತಾರೆ. ಹೆಣ್ಣುಮಕ್ಕಳು ಹತ್ತನೇ ಕ್ಲಾಸು ಮುಗಿದ ಮೇಲೂ ಅದೇ ಗೇಟಿನೊಳಗೆ ಪಿಯುಗೆ ಹೋಗಬಹುದು. ಪೇಟೆಗೆ ಕಳಿಸಲ್ಲ ಅಂತ ಮದುವೆ ಮಾತಾಡುವ ಮನೆಗಳಿಗೆ ಅದು ಸಣ್ಣ ವಿಷಯ ಅಲ್ಲ.

ಆದರೂ ಮೂರು ವಿಷಯ ನಮ್ಮವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ನಿಮ್ಮ ಮಗಳನ್ನು ಯಾವ ವಿಭಾಗಕ್ಕೆ ಹಾಕುತ್ತಾರೆ? ಇಂಗ್ಲಿಷ್ ವಿಭಾಗ ತುಂಬಿ, ಕನ್ನಡ ವಿಭಾಗದಲ್ಲಿ ಬೆರಳೆಣಿಕೆ ಮಕ್ಕಳಿರುವ ಕಡೆ ಇದೆ. ಮೂರು ವರ್ಷ ಕನ್ನಡದಲ್ಲಿ ಓದಿದ ಮಗುವನ್ನು ನಾಲ್ಕಕ್ಕೆ ಇಂಗ್ಲಿಷ್‌ಗೆ ಕೂರಿಸಿದರೆ ಮೊದಲ ಆರು ತಿಂಗಳು ಅದು ಬಾಯಿಯೇ ಬಿಡುವುದಿಲ್ಲ. ಗಣಿತ, ಪರಿಸರ ಪುಸ್ತಕ ದ್ವಿಭಾಷೆಯಲ್ಲಿ ಬರುತ್ತದೆ, ಒಂದು ಪುಟ ಇಂಗ್ಲಿಷ್, ಎದುರು ಪುಟ ಕನ್ನಡ. ಅದು ದೊಡ್ಡ ಅನುಕೂಲ. ಆದರೆ ಪಾಠ ಮಾಡುವವರು ಎರಡೂ ಪುಟ ಓದಬೇಕಲ್ಲ.

ಎರಡನೆಯದು, ಕೋಣೆ. ಮಕ್ಕಳು ಮೊದಲು ಬಂದು ಕಟ್ಟಡ ಆಮೇಲೆ ಬಂದರೆ ಎರಡು ಕ್ಲಾಸು ಒಂದೇ ಕೋಣೆಯಲ್ಲಿ. ಊಟಕ್ಕೆ ಕರೆದು ಎಲೆ ಹಾಕದ ಹಾಗೆ. ಶೌಚಾಲಯ ಎಷ್ಟಿದೆ ಅಂತ ಹೋಗಿ ಎಣಿಸಿ ಬನ್ನಿ. ಯಾರೂ ಬೇಡ ಅನ್ನುವುದಿಲ್ಲ.

ಮೂರನೆಯದು, ನಿಮ್ಮ ಶಾಲೆಯ ಡೈಸ್ ಕೋಡ್, ಅಂದರೆ ಸರ್ಕಾರದ ಲೆಕ್ಕದಲ್ಲಿ ಶಾಲೆಯ ಗುರುತಿನ ಸಂಖ್ಯೆ. 29ರಿಂದ ಶುರುವಾಗುವ ಹನ್ನೊಂದು ಅಂಕಿಯದು. ಆ ಕೋಡ್ ಇದ್ದರೆ ಕಾಗದದಲ್ಲಿ ನಿಮ್ಮ ಶಾಲೆ ಇದೆ. ಅನುದಾನ, ಟೀಚರ್ ಹುದ್ದೆ, ಬಿಸಿಯೂಟ ಎಲ್ಲಕ್ಕೂ ಅದೇ ಲೆಕ್ಕ. ಹಾಗಾಗಿ ಕೋಡ್ ಉಳಿಯುತ್ತದಾ ಅಂತಲೇ ಕೇಳಿ.

ಅಡುಗೆಯವರನ್ನೂ ಮರೆಯಬೇಡಿ. ಶಾಲೆ ಖಾಲಿಯಾದರೆ ಅವರ ಕೆಲಸ ಏನಾಗುತ್ತದೆ ಅಂತ ಕೇಳುವವರೇ ಇರುವುದಿಲ್ಲ. ಲೈನ್ ಮನೆಯ ಮಕ್ಕಳಿಗೆ ಹಾಲು, ಬಿಸಿಯೂಟ, 2024ರಿಂದ ವಾರಕ್ಕೆ ಆರು ದಿನ ಸಿಗುತ್ತಿರುವ ಮೊಟ್ಟೆ, ಇವೇ ಆ ದಿನದ ಗಟ್ಟಿ ಊಟ. ಶಾಲೆ ತಪ್ಪಿದರೆ ಅದೂ ತಪ್ಪಿತು.

ನಿವೃತ್ತಮೇಷ್ಟ್ರು

ಟೀಚರಮ್ಮನ ಮಾತಿಗೆ ಒಂದು ಸೇರಿಸುತ್ತೇನೆ. ಜಾಗ ಯಾರದ್ದು ನೋಡಿ. ಮಲೆನಾಡಿನ ಎಷ್ಟೋ ಶಾಲೆ ದಾನ ಕೊಟ್ಟ ಜಾಗದಲ್ಲಿವೆ, ದಾನಪತ್ರ ರಿಜಿಸ್ಟರ್ ಆಗಿರುವುದಿಲ್ಲ. ಮಕ್ಕಳು ಹೋದ ಮರುವರ್ಷ ಮೊಮ್ಮಕ್ಕಳು ಬಂದು ಬೇಲಿ ಹಾಕುತ್ತಾರೆ. ಶಾಲೆಯ ಹೆಸರಿಗೆ ದಾಖಲೆ ಆಗಿದೆಯಾ ಅಂತ ಹೆಡ್‌ಮಾಸ್ಟರನ್ನು ಕೇಳಿ.

ಇದು ಹೊಸ ಜಗಳವೂ ಅಲ್ಲ. 2018ರ ಜುಲೈ ಬಜೆಟ್‌ನಲ್ಲಿ ಕುಮಾರಸ್ವಾಮಿಯವರು 28,847 ಶಾಲೆಗಳನ್ನು ಹತ್ತಿರದ 8,530 ಶಾಲೆಗಳಿಗೆ ಸೇರಿಸುವ ಮಾತಾಡಿದ್ದರು. ಆಗಲೂ ಗಲಾಟೆ ಆಯಿತು. ಆಮೇಲೆ ಬಂದ ಸರ್ಕಾರಗಳಿಗೂ ಅದೇ ಲೆಕ್ಕ ತಲೆಯಲ್ಲಿದೆ, ಯಾವ ಪಕ್ಷ ಅಂತ ನೋಡಬೇಡಿ.

ಹೊಲಿಗೆಮಿಷನ್

ಸಭೆ ಆಯಿತು. ಕೇಳಿದವರಿಗೆಲ್ಲ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆಯುತ್ತೇನೆ.

ಲೈನ್ ಮನೆಯಿಂದ ಇಬ್ಬರು ಅಪ್ಪಂದಿರು, ಒಬ್ಬಳು ಅಮ್ಮ ಬಂದರು. ಅರ್ಧ ದಿನದ ಕೂಲಿ ಬಿಟ್ಟು ಬಂದದ್ದು ಅದು. ಅವರನ್ನು ನೋಡಿ ನಮ್ಮ ಅಧ್ಯಕ್ಷರು, ಇವರು ವರ್ಷ ಬಿಟ್ಟು ವರ್ಷ ಬೇರೆ ತೋಟಕ್ಕೆ ಹೋಗುವವರು, ಇವರನ್ನು ಕೇಳಿ ಏನು ಮಾಡುವುದು ಅಂದರು. ನಾನು ಏನೂ ಹೇಳಲಿಲ್ಲ. ಹೆಡ್ ಮೇಡಂ ಹಾಜರಿ ತೆಗೆದು ಆ ಏಳು ಹೆಸರು ಓದಿದರು. ಒಂದು ಹುಡುಗ ಮೂರು ವರ್ಷದಿಂದ ಇಲ್ಲೇ ಇದ್ದಾನೆ, ನಮ್ಮ ಅಧ್ಯಕ್ಷರ ತೋಟದಲ್ಲೇ. ಆಮೇಲೆ ಅವರು ಸುಮ್ಮನಾದರು.

ಸಿಆರ್‌ಪಿ ಒಳ್ಳೆಯವರೇ. ಅವರಿಗೂ ಮೇಲಿನಿಂದ ಒತ್ತಡ. ವಾಹನ ಬಂದೇ ಬರುತ್ತದೆ ಅಂತ ಬಾಯಲ್ಲಿ ಹೇಳಿದರು. ಹಾಗಾದರೆ ಬರೆಯೋಣ ಸಾರ್ ಅಂದೆ. ಅದು ನನ್ನ ಕೈಯಲ್ಲಿಲ್ಲ ಅಂದರು. ಅವರ ಕೈಯಲ್ಲಿಲ್ಲದ್ದನ್ನು ನಂಬಿ ನಾವು ಹೇಗೆ ಒಪ್ಪಿಗೆ ಕೊಡುವುದು ಅಂತ ರಾಜಣ್ಣನ ಕಡೆಯ ಕಥೆ ಹೇಳಿದೆ, ಊರು ಹೇಳಲಿಲ್ಲ.

ಠರಾವು ಹೀಗೆ ಬರೆಸಿದೆವು. 1ರಿಂದ 3ನೇ ಕ್ಲಾಸು ಈಗಿರುವ ಕಡೆಯೇ ನಡೆಯಬೇಕು. 4 ಮತ್ತು 5ರ ಮಕ್ಕಳನ್ನು ಕಳಿಸುವ ಬಗ್ಗೆ, ವಾಹನದ ಆದೇಶ ಲಿಖಿತವಾಗಿ ಬಂದ ಮೇಲೆ ಪೋಷಕರ ಸಭೆ ಮತ್ತೆ ಕರೆಯಬೇಕು. ಆ ಸಭೆಯ ನೋಟಿಸು ಲೈನ್ ಮನೆಗೂ ಮುಟ್ಟಬೇಕು. ಡೈಸ್ ಕೋಡ್ ಉಳಿಯಬೇಕು. ಒಪ್ಪಿಗೆ ಪತ್ರ ಕೊಡಲಿಲ್ಲ, ಬೇಡ ಅಂತಲೂ ಬರೆಯಲಿಲ್ಲ. ಊರಿನ ಎರಡು ಪಕ್ಷದವರಿಗೂ ಸ್ವಲ್ಪ ಸಿಟ್ಟು ಬಂದಿದೆ.

ಪುಟದ ಕೆಳಗೆ ಗೆರೆ ಎಳೆಸಿದೆ, ಮೇಷ್ಟ್ರೇ. ಹೆಡ್ ಮೇಡಂ ನಕ್ಕರು.

ಸೋಮವಾರ ಪ್ರತಿ ತೆಗೆದುಕೊಂಡು ತಾಲೂಕಿನ ಶಿಕ್ಷಣಾಧಿಕಾರಿ ಬಿಇಒ ಕಚೇರಿಗೆ ಹೋಗಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದೆವು. ಪೀಣ್ಯದ ಅಣ್ಣ ಫೋನ್ ಮಾಡಿದ್ದರು, ಡೀಸೆಲ್ ಲೆಕ್ಕಕ್ಕೆ ಅವರ ಗುಂಪಿನಲ್ಲಿ ನಾಲ್ಕು ಜನ ಒಪ್ಪಿದ್ದಾರಂತೆ. ಸರ್ಕಾರ ಕೊಡಬೇಕಾದ್ದನ್ನು ಇವರು ಕೊಟ್ಟರೆ ಸರ್ಕಾರ ಆರಾಮಾಗಿ ಬಿಟ್ಟುಬಿಡುತ್ತದೆ ಅಂತ ನಮ್ಮ ಮನೆಯವರ ವಾದ. ನನಗೂ ಹಾಗೇ ಅನಿಸುತ್ತದೆ, ಆದರೂ ಫೋನ್ ನಂಬರ್ ಬರೆದಿಟ್ಟುಕೊಂಡಿದ್ದೇನೆ.

ಈಗ ಹಳ್ಳಕ್ಕೆ ಕಾಲುಸಂಕದ ಬದಲು ಸರಿಯಾದ ಕಿರುಸೇತುವೆ ಬೇಕು ಅಂತ ಪಂಚಾಯ್ತಿಗೆ ಅರ್ಜಿ ಕೊಡುವುದು. ಶಾಲೆ ಇದ್ದರೂ ಹೋದರೂ ಅದು ಬೇಕೇ ಬೇಕು. ಅರ್ಜಿ ಎಸ್‌ಡಿಎಂಸಿ ಹೆಸರಲ್ಲಿ ಕೊಡುವುದಾ, ಊರಿನವರ ಸಹಿ ಹಾಕಿಸಿ ಕೊಡುವುದಾ?

ನಿವೃತ್ತಮೇಷ್ಟ್ರು

ಎರಡೂ ಕೊಡಿ. ಗ್ರಾಮಸಭೆ ಇರುವ ದಿನ ಕೊಡಿ, ಓದಿ ಹೇಳಿ, ನಡಾವಳಿಯಲ್ಲಿ ಬರೆಸಿ. ಫೋಟೊ ಈಗಿನದ್ದು ಬೇಡ, ಈಗ ಹಳ್ಳದಲ್ಲಿ ನೀರೇ ಇರುವುದಿಲ್ಲ. ಯಾರ ಮೊಬೈಲಿನಲ್ಲಾದರೂ ಜುಲೈದು ಇರುತ್ತದೆ, ಹುಡುಕಿ.